ಸುದ್ದಿ ಕೊಟ್ಟವನನ್ನೂ ಕರೆದುಕೊಂಡು ಬಾ

ಕಳೆದ ಶ್ರಾವಣ ಮಾಸದ ಕೊನೆಯಲ್ಲಿ ಚಂದ್ರಂಪಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಒಂದು ಕರಪತ್ರವನ್ನು ಹಂಚಿದರು. ಗಣೇಶನ ಹಬ್ಬವೂ ಈದ್ ಮಿಲಾದೂ ಒಂದಕ್ಕೊಂದು ಸಮೀಪವಾಗಿ ಬರುತ್ತಿರುವ ಈಚಿನ ವರ್ಷಗಳಲ್ಲಿ ಎರಡೂ ಮೆರವಣಿಗೆಗಳು ಶಾಂತವಾಗಿ ನಡೆಯಲೆಂಬ ಉದ್ದೇಶದಿಂದ ಒಬ್ಬ ಮಠಾಧೀಶರೂ ಒಬ್ಬ ಮೌಲ್ವಿಗಳೂ ಒಬ್ಬ ಪಾದ್ರಿಗಳೂ ಕೂಡಿ ರುಜು ಹಾಕಿದ್ದ ಆ ಹಾಳೆಯಲ್ಲಿ, ರಾಷ್ಟ್ರದ ಏಕತೆಯನ್ನು ಕಾಪಾಡಿರಿ, ನೆರೆಯವರ ಪ್ರಾರ್ಥನೆಗೆ ಅಡ್ಡಿಯಾಗದಿರಿ, ಕಾನೂನನ್ನು ಕೈಗೆ ತೆಗೆದುಕೊಳ್ಳದಿರಿ, ಮೊಬೈಲಿಗೆ ಬಂದ ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸದಿರಿ ಎಂದು ಬರೆದಿತ್ತು. ಒಳ್ಳೆಯ ಮಾತುಗಳು, ಅವನ್ನು ಹೇಳಬೇಕೆಂದು ಆ ಮೂವರಿಗೆ ತೋರಿದ್ದೇ ದೊಡ್ಡದು. ಆದರೆ ಆ ಕೊನೆಯ ವಾಕ್ಯ, ಬರೆದವರಿಗೆ ಅರಿವಿಲ್ಲದಂತೆ, ನನ್ನನ್ನು 1965ರ ಮಳೆಗಾಲದ ಕೊನೆಯ ದಿನಗಳಿಗೆ ಒಯ್ದು ನಿಲ್ಲಿಸಿತು.

ಈಗ ಚಂದ್ರಂಪಳ್ಳಿಯೆಂದರೆ ಜನರಿಗೆ ಜಲಾಶಯ ನೆನಪಾಗುತ್ತದೆ, ಅದರ ಸುತ್ತಣ ಗುಡ್ಡಗಳು ನೆನಪಾಗುತ್ತವೆ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, 134 ಚದರ ಕಿಲೋಮೀಟರಿಗೂ ಮಿಕ್ಕಿದ ಚಿಂಚೋಳಿಯ ಕಾಡು ನೆನಪಾಗುತ್ತದೆ. ನಾನು ಬಾಲಕನಾಗಿದ್ದಾಗ ಅಲ್ಲಿ ತುಂಬಿ ನಿಂತ ನೀರಿರಲಿಲ್ಲ. ಮಳೆಗಾಲದಲ್ಲಿ ಕೆಂಪಾಗಿ ಹರಿದು ಬೇಸಗೆಯಲ್ಲಿ ಬತ್ತುವ ಹಳ್ಳ, ಅದರ ಆಚೆಗೆ ತೇಗದ ಕಾಡು, ಕಾಡಿನ ಅಂಚಿನಲ್ಲಿ ಲಂಬಾಣಿ ತಾಂಡಾಗಳು, ಈಚೆಗೆ ತೊಗರಿಯ ಹೊಲಗಳು. ಮನೆಯಲ್ಲಿ ಕನ್ನಡ, ತಾಂಡೂರಿನ ಪೇಟೆಗೆ ಹೋದರೆ ತೆಲುಗು, ಮಸೀದಿಯ ಕಟ್ಟೆಯ ಮೇಲೆ ದಖನಿ, ತಾಂಡಾದಲ್ಲಿ ಲಂಬಾಣಿ. ಇವು ನಾಲ್ಕು ಭಾಷೆಗಳೆಂಬ ಎಣಿಕೆಯೇ ನಮಗೆ ಇರಲಿಲ್ಲ. ಊರಿನ ಹಿರಿಯರಲ್ಲಿ ಓದು ಬಲ್ಲವರೆಲ್ಲರೂ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರಾದುದರಿಂದ ನಮ್ಮ ಮಠದ ಅಯ್ಯನವರು ಕೂಡ ಶಿವಪೂಜೆಯನ್ನು ಕನ್ನಡದಲ್ಲಿ ಮಾಡಿ, ಮಠದ ಹೊಲದ ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು.

ಆ ಅಯ್ಯನವರೂ ಊರ ಮಸೀದಿಯ ಮುಲ್ಲಾ ಕಾಕಾನೂ ಒಂದೇ ಶಾಲೆಯಲ್ಲಿ ಒಬ್ಬರೇ ಮೌಲ್ವಿಯ ಬೆತ್ತ ತಿಂದವರು. ಅಯ್ಯನವರು ಎತ್ತರದ ಆಳು, ಮಿತಭಾಷಿ, ಸಿಟ್ಟು ಬಂದಾಗ ಮಾತು ಇನ್ನಷ್ಟು ಮೆಲ್ಲಗಾಗುತ್ತಿತ್ತು. ಕಾಕಾ ಕುಳ್ಳ, ಮಾತುಗಾರ, ಎಲೆಯಡಿಕೆಯಿಂದ ಕೆಂಪಾದ ಹಲ್ಲಿನವನು. ಸುಗ್ಗಿಯಲ್ಲಿ ಎಲ್ಲ ಜಾತಿಯವರ ಕಣದಿಂದಲೂ ಮೊರದಷ್ಟು ಜೋಳ ಅವನಿಗೆ ಆಯವಾಗಿ ಸಲ್ಲುತ್ತಿತ್ತು. ಅದೇ ವರ್ಷದ ಬೇಸಗೆಯಲ್ಲಿ ಬಂದ ಮೊಹರಮ್ಮಿನಲ್ಲಿ ಅಲಾಯಿ ದೇವರ ಪಂಜಾಗಳು ಮಠದ ಬಾಗಿಲ ಮುಂದೆ ನಿಂತು ಕಾಯಿ ಒಡೆಸಿಕೊಂಡು ಮುಂದೆ ಹೋದುದನ್ನು ನಾನು ಕಂಡಿದ್ದೆ. ನನಗಾಗ ಹನ್ನೊಂದರ ಪ್ರಾಯ. ಲೋಕವೆಲ್ಲ ಹೀಗೆಯೇ ಇರುತ್ತದೆಂದು ನಂಬಿದ್ದೆ.

ಆ ನಂಬಿಕೆಯ ಅಡಿಯಲ್ಲಿ ಏನು ಹುದುಗಿತ್ತೆಂಬುದನ್ನು ಆಗ ಯಾರೂ ಮಕ್ಕಳಿಗೆ ಹೇಳುತ್ತಿರಲಿಲ್ಲ. 1948ರ ಮೊದಲಿನ ತಿಂಗಳುಗಳಲ್ಲಿ ನಿಜಾಮರ ಪರವಾಗಿ ನಿಂತ ರಜಾಕಾರ ಪಡೆಯ ಹಾವಳಿಗೆ ಅಂಜಿ ನಮ್ಮ ಮನೆಯ ಹಿರಿಯರು ಒಡವೆಯ ಗಂಟನ್ನು ಹೊಲದ ಬದುವಿನಲ್ಲಿ ಹೂಳಿ, ರಾತ್ರೋರಾತ್ರಿ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋಗಿದ್ದರು. ಬೀದರ ಸೀಮೆಯ ಗೋರಟಾದಲ್ಲಿ ಆ ವರ್ಷದ ಮೇ ತಿಂಗಳಿನಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಹಳ್ಳಿಹಳ್ಳಿಗೂ ತಲುಪಿತ್ತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರ ಶುಕ್ರವಾರ ನಿಜಾಮರು ಶರಣಾದರು. ನಮ್ಮವರು ಹಿಂತಿರುಗಿ ಬಂದರು. ಅನಂತರದ ವಾರಗಳಲ್ಲಿ ಏನಾಯಿತೆಂಬುದನ್ನು, ಅಂದರೆ ರಜಾಕಾರರ ಪಾಪಕ್ಕೆ ರಜಾಕಾರರಲ್ಲದ ಬಡ ಮುಸಲ್ಮಾನರು ಹೇಗೆ ಬಲಿಯಾದರೆಂಬುದನ್ನು, ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಅದೇ ವರ್ಷದ ಕೊನೆಗೆ ಊರೂರು ತಿರುಗಿ ವಿಚಾರಿಸಿ ಬರೆಯಿತು. ಅತ್ಯಧಿಕ ಹಾನಿಗೊಳಗಾದವೆಂದು ಆ ವರದಿ ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳ ಜೊತೆಗೆ ನಮ್ಮ ಗುಲಬರ್ಗಾವೂ ಒಂದು. ಇಡೀ ಸಂಸ್ಥಾನದಲ್ಲಿ ಮಡಿದವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂಬುದು ಅದರ ಅಂದಾಜು. ಆ ವರದಿ ಹಲವು ದಶಕಗಳ ಕಾಲ ಬೆಳಕು ಕಾಣಲಿಲ್ಲ. ನಮ್ಮ ಊರಿನಲ್ಲಿ ಅದರ ಸಾಕ್ಷಿಯಾಗಿ ಕಲ್ಲು ತುಂಬಿ ಮುಚ್ಚಿದ್ದ ಒಂದು ಭಾವಿ ಇತ್ತು. ಅದನ್ನು ಏಕೆ ಮುಚ್ಚಿದರೆಂದು ನಾನು ನಮ್ಮ ಆಯಿಯನ್ನು ಕೇಳಿದಾಗ, ‘ನೀರು ಕೆಟ್ಟಿತ್ತು’ ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಹೀಗೆ ಹದಿನೇಳು ವರ್ಷಗಳ ಮೌನವನ್ನು ಹೊತ್ತ ಊರಿಗೆ 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧದ ವಾರ್ತೆ ಬಂದಿತು. ಪಂಚಾಯತಿಯ ರೇಡಿಯೋದ ಸುತ್ತ ಸಂಜೆ ಜನ ಕೂಡತೊಡಗಿದರು. ನೆರೆದವರು ಮುಂಚಿನವರೇ, ಆದರೆ ಕೂಡುವ ಜಾಗ ಬೇರೆಬೇರೆಯಾಗತೊಡಗಿತು. ಎಂದೂ ಕಟ್ಟೆಯ ನಡುವೆ ಕೂತು ಎಲೆಯಡಿಕೆ ಹಾಕುತ್ತಿದ್ದ ಕಾಕಾ ಆ ದಿನಗಳಲ್ಲಿ ಅಂಚಿನಲ್ಲಿ ನಿಂತು ಕೇಳಿ, ವಾರ್ತೆ ಮುಗಿಯುವ ಮುಂಚೆಯೇ ಹೊರಟುಹೋಗುತ್ತಿದ್ದ.

ಸೆಪ್ಟೆಂಬರ್ 17 ಆ ವರ್ಷವೂ ಶುಕ್ರವಾರವೇ ಬಂದಿತು. ನಮ್ಮ ಶಾಲೆಗೂ ಮಸೀದಿಗೂ ನಡುವೆ ಒಂದು ಮೋಟು ಗೋಡೆ ಮಾತ್ರ. ಜುಮ್ಮಾದ ನಮಾಜು ಮುಗಿದ ಮೇಲೆ ಕಾಕಾ ತನ್ನ ಜನರಿಗೆ ದಖನಿಯಲ್ಲಿ ಹೇಳಿದ್ದನ್ನು ನಾವು ಹುಡುಗರು ಗೋಡೆಯೀಚೆಯಿಂದ ಕೇಳಿದೆವು. ನಾವು ಉಣ್ಣುವ ಜೋಳ ಈ ನೆಲದ್ದು, ನಮ್ಮ ಹಿರಿಯರ ಗೋರಿಗಳು ಈ ನೆಲದಲ್ಲಿವೆ, ಈ ನೆಲಕ್ಕೆ ನಿಷ್ಠೆಯಿಂದಿರುವುದು ದೀನಿನ ಒಂದು ಭಾಗವೇ ಎಂದು ಮೊದಲು ಹೇಳಿದ. ಅನಂತರ ಆ ದಿನಗಳಲ್ಲಿ ಹೈದರಾಬಾದಿನಿಂದ ರೇಡಿಯೋ ತಂದಿದ್ದ ಇಬ್ಬರು ತರುಣರನ್ನು ಎದ್ದು ನಿಲ್ಲಿಸಿ, ರಾತ್ರಿ ಅನ್ಯ ದೇಶದ ರೇಡಿಯೋ ಕೇಳಿ ಹಗಲು ಅದನ್ನು ಹಬ್ಬಿಸುವವರು ಮಸೀದಿಯ ಮೆಟ್ಟಿಲು ಹತ್ತುವುದು ಬೇಡವೆಂದು ಎಲ್ಲರೆದುರಿಗೆ ಕಟುವಾಗಿ ನುಡಿದ. ಮರುದಿನ ತಹಶೀಲಿಗೆ ನಡೆದುಹೋಗಿ, ತನ್ನ ಆಯದ ಜೋಳವನ್ನು ಮಾರಿ ಬಂದ ಹಣವನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕಟ್ಟಿ, ರಸೀದಿಯನ್ನು ತಂದು ಪಂಚಾಯತಿಯ ಗೋಡೆಗೆ ತಾನೇ ಅಂಟಿಸಿದ.

ಸೋಮವಾರ ಅಯ್ಯನವರ ಸರದಿ. ಪೂಜೆಯ ತರುವಾಯ ಪ್ರಸಾದಕ್ಕೆ ಕೂತ ಭಕ್ತರಿಗೆ ಅವರು ಶತ್ರುವಿನ ವಿಷಯವನ್ನೇ ಎತ್ತಲಿಲ್ಲ. ಯುದ್ಧದ ನೆಪದಲ್ಲಿ ಸೀಮೆಎಣ್ಣೆಯ ಡಬ್ಬಿಗಳನ್ನು ಅಡಗಿಸಿಟ್ಟು ಬೆಲೆಯೇರುವುದನ್ನು ಕಾಯುತ್ತಿದ್ದ ಕಿರಾಣಿ ಅಂಗಡಿಯ ಯಜಮಾನನನ್ನು, ಮಠದ ಮಾಳಿಗೆಗೆ ತೊಲೆ ಕೊಡಿಸಿದ ದಾನಿಯಾಗಿದ್ದ ಅವನನ್ನು, ಹೆಸರು ಹಿಡಿದು ಕರೆದು, ಆ ಡಬ್ಬಿಗಳು ಅಂಗಡಿಯ ಮುಂದೆ ಬರುವ ತನಕ ನಿನ್ನ ಮನೆಯ ಭಿಕ್ಷೆ ನನಗೆ ಸಲ್ಲದು ಎಂದರು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತು ಊಟ ಬಿಡಿರೆಂದು ದೇಶವನ್ನು ಬೇಡಿಕೊಂಡ ಕಾಲವದು. ಅಯ್ಯನವರು ಬಿಟ್ಟದ್ದು ಊರಿನ ಅತ್ಯಂತ ಶ್ರೀಮಂತ ಮನೆಯ ಊಟವನ್ನು. ಸಂಜೆಗೆ ಡಬ್ಬಿಗಳು ಹೊರಬಂದವು.

ಅದೇ ದಿನ ಅವರು ಒಂದು ಕಟ್ಟಳೆಯನ್ನೂ ಮಾಡಿದರು. ಯಾರೇ ಆಗಲಿ, ಊರಿನ ಇನ್ನೊಬ್ಬರ ಮೇಲೆ ದೋಷ ಹೊರಿಸುವ ಸುದ್ದಿಯನ್ನು ಕೇಳಿದರೆ ಅದನ್ನು ಮಠಕ್ಕೆ ತರಬೇಕು, ಬರಿಗೈಯಲ್ಲಿ ತರುವಂತಿಲ್ಲ. ‘ಸುದ್ದಿ ತಂದೀದಿ, ಬರೋಬ್ಬರಿ. ಸುದ್ದಿ ಕೊಟ್ಟಾಂವನ್ನೂ ಕರ್ಕೊಂಡು ಬಾ, ಹೋಗು’ ಎಂಬುದು ಅವರ ಮಾತು. ಕೊಟ್ಟವನು ಬಂದರೆ ಅವನಿಗೂ ಅದೇ ಆಜ್ಞೆ. ಹೀಗೆ ಬಾಯಿಂದ ಬಾಯಿಗೆ ಹಿಂದಕ್ಕೆ ನಡೆಯುತ್ತ ಹೋದರೆ, ಮೂರನೆಯವನ ಬಳಿಯಲ್ಲೋ ನಾಲ್ಕನೆಯವನ ಬಳಿಯಲ್ಲೋ ಸುದ್ದಿ ನಿಂತುಹೋಗುತ್ತಿತ್ತು. ತಾನು ಕಣ್ಣಾರೆ ಕಂಡೆನೆನ್ನುವವನು ಸಿಗುತ್ತಿರಲಿಲ್ಲ. ಕುಡಿಯುವ ನೀರಿನ ಭಾವಿಗೆ ಯಾರೋ ವಿಷ ಹಾಕಿದರೆಂಬ ಒಂದು ಮಾತು ಹೀಗೆಯೇ ಒಂದು ಮಧ್ಯಾಹ್ನದಲ್ಲಿ ಹುಟ್ಟಿ, ಕಂದೀಲು ಹಚ್ಚುವ ಹೊತ್ತಿಗೆ ಸತ್ತುಹೋಯಿತು.

ಆದರೆ ಒಂದು ರಾತ್ರಿ ಕಣ್ಣಾರೆ ಕಂಡವರೇ ಬಂದರು. ಚಂದ್ರಂಪಳ್ಳಿಯ ಗುಡ್ಡದ ಮೇಲೆ ದೀಪಗಳು ಓಡಾಡುತ್ತಿವೆ, ವಿಮಾನದಿಂದ ಛತ್ರಿ ಹಿಡಿದು ವೈರಿಗಳು ಇಳಿದಿದ್ದಾರೆ, ಇಲ್ಲಿಯವರಾರೋ ಅವರಿಗೆ ಸಂಕೇತ ತೋರುತ್ತಿದ್ದಾರೆ ಎಂದು ಅವರು ಹೇಳಿದರು. ದೀಪಗಳಿದ್ದುದು ನಿಜ, ಮಾಳಿಗೆಯೇರಿ ನೋಡಿದ ನಮಗೂ ಕಾಣುತ್ತಿದ್ದವು. ಮಠದ ಅಂಗಳದಲ್ಲಿ ಬಡಿಗೆ ಕುಡುಗೋಲು ಹಿಡಿದವರು ತುಂಬಿದರು. ಅಷ್ಟರಲ್ಲಿ ಕಾಕಾ ತಾನಾಗಿ ಅಲ್ಲಿಗೆ ಬಂದುದು, ಈಗ ನೆನೆದರೆ, ನಾನು ಜೀವನದಲ್ಲಿ ಕಂಡ ಧೈರ್ಯದ ಕೆಲಸಗಳಲ್ಲಿ ಒಂದು. ತಾನು ಹೋಗಿ ನೋಡಿ ಬರುತ್ತೇನೆಂದ. ಮತ್ತೆ ತಾನೇ ತಡೆದು, ‘ಅಯ್ಯನವರೇ, ನೀವೂ ಬರ್ರಿ. ನಾನೊಬ್ನೇ ಹೋದ್ರ, ನೋಡ್ಲಾಕ ಹೋದ ಅನ್ನಂಗಿಲ್ಲ, ಕೂಡ್ಲಾಕ ಹೋದ ಅಂತಾರ’ ಎಂದ. ಅಂಗಳ ನಿಶ್ಶಬ್ದವಾಯಿತು; ಅವನು ಹೇಳಿದ ಆ ಮಾತು ಅಲ್ಲಿದ್ದ ಹಲವರ ಮನಸ್ಸಿನಲ್ಲಿ ಆಗಲೇ ಇತ್ತು.

ಅಯ್ಯನವರು, ಕಾಕಾ, ನಮ್ಮ ಶಾಲೆಯ ಮಾಸ್ತರರು, ಇನ್ನು ಕೆಲವರು ಹೊರಟರು. ಮಾಸ್ತರರು ಖಾದಿಯುಟ್ಟ ಸರ್ವೋದಯದವರು. 1957ರಲ್ಲಿ ಕರ್ನಾಟಕದ ಪಾದಯಾತ್ರೆಯ ಕಾಲದಲ್ಲಿ ವಿನೋಬಾ ಭಾವೆಯವರು ಕೊಟ್ಟ ‘ಜೈ ಜಗತ್’ ಎಂಬ ಘೋಷವನ್ನು ಯುದ್ಧದ ದಿನಗಳಲ್ಲಿಯೂ ಪ್ರಭಾತಫೇರಿಯಲ್ಲಿ ‘ಜೈ ಹಿಂದ್’ನ ಹಿಂದೆಯೇ ನಮ್ಮಿಂದ ಹೇಳಿಸುತ್ತಿದ್ದರು. ಕಂದೀಲು ಹಿಡಿಯಲು ನನ್ನನ್ನು ಕರೆದೊಯ್ದರು. ಹಳ್ಳ ಮೊಣಕಾಲ ಮಟ್ಟ ಹರಿಯುತ್ತಿತ್ತು. ಅಯ್ಯನವರು ಮರದ ಹಾವುಗೆ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಕಾಕಾನ ಹೆಗಲ ಮೇಲಿಟ್ಟು ದಾಟಿದರು. ಗುಡ್ಡದ ಮೇಲೆ ಕಂಡವರು ಛತ್ರಿಯ ಸೈನಿಕರಲ್ಲ, ತಾಂಡಾದ ಲಂಬಾಣಿಗರು. ಈಯಲು ದಿನ ತುಂಬಿದ್ದ ಒಂದು ಎಮ್ಮೆ ಮೇಯಲು ಹೋಗಿ ಹಿಂದಿರುಗದಿರಲು, ಹೆಂಗಸರೂ ಗಂಡಸರೂ ಪಂಜು ಹಿಡಿದು ಅದನ್ನು ಹುಡುಕುತ್ತಿದ್ದರು. ವಿಷಯ ತಿಳಿದು ನಮ್ಮವರು ನಿಟ್ಟುಸಿರು ಬಿಟ್ಟು ನಕ್ಕರು. ತಾಂಡಾದ ನಾಯಕ ನಗಲಿಲ್ಲ. ನಮ್ಮ ಹಿಂದೆ ಬಡಿಗೆ ಹಿಡಿದು ನಿಂತವರನ್ನು ಪಂಜಿನ ಬೆಳಕಿನಲ್ಲಿ ಒಬ್ಬೊಬ್ಬರನ್ನಾಗಿ ನೋಡಿ, ‘ಏನಂತ ಬಂದ್ರಿ ಅಯ್ಯನವರೇ? ಕಳ್ಳರಂತ ಬಂದ್ರ್ಯಾ, ವೈರಿಗಳಂತ ಬಂದ್ರ್ಯಾ?’ ಎಂದು ಕೇಳಿದ. ಅಯ್ಯನವರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬಡಿಗೆಗಳನ್ನು ಅಲ್ಲಿಯೇ ಇಡಿಸಿ, ಎಮ್ಮೆ ಸಿಗುವ ತನಕ ಎಲ್ಲರೂ ಹುಡುಕಬೇಕೆಂದರು. ನಸುಕಿನಲ್ಲಿ ಅದು ಒಂದು ತಗ್ಗಿನಲ್ಲಿ ಕರುವಿನೊಂದಿಗೆ ಸಿಕ್ಕಿತು.

ಕದನವಿರಾಮವಾಗಿ ಕೆಲವು ದಿನಗಳಿಗೆ ದಸರೆ ಬಂದಿತು. ಬನ್ನಿ ಕೊಡುವ ಸಂಜೆ ಕಾಕಾ ಮತ್ತೆ ಕಟ್ಟೆಯ ನಡುವೆ ಬಂದು ಕೂತ.

ಬಹಳ ವರ್ಷಗಳವರೆಗೆ ನಾನು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಹೇಳುತ್ತಿದ್ದೆ. ಕೇಳಿದವರೂ ಕಣ್ಣೊದ್ದೆ ಮಾಡಿಕೊಳ್ಳುತ್ತಿದ್ದರು. ವಯಸ್ಸು ಏರಿದಂತೆ ಅದರ ಪಕ್ಕದಲ್ಲಿ ನಿಂತಿದ್ದವರು ಕಾಣತೊಡಗಿದರು. ಯುದ್ಧಕಾಲದ ಸರ್ವಧರ್ಮ ಪ್ರಾರ್ಥನೆಗೆ ಮಠದ ಮುಂದಿನ ಬೇವಿನ ಮರದಡಿ ಊರೆಲ್ಲ ಕೂಡಿದಾಗ ಕೇರಿಯವರು ಹುಣಸೆಯ ಮರದಾಚೆ ದೂರದಲ್ಲಿ ನಿಂತಿರುತ್ತಿದ್ದರು. ನಾವೆಲ್ಲ ಒಂದೆಂದು ಅಯ್ಯನವರು ಹೇಳಿದ ದಿನವೂ ಅವರ ಕೈಯ ನೀರು ಮಠದಲ್ಲಿ ಸಲ್ಲುತ್ತಿರಲಿಲ್ಲ. ಅದು ಕಾಕಾನ ಮನೆಯಲ್ಲಿಯೂ ಸುಲಭವಾಗಿ ಸಲ್ಲುತ್ತಿರಲಿಲ್ಲ. ಜಾತಿಗಳು ರಾಷ್ಟ್ರವಿರೋಧಿಗಳೆಂದು ಡಾ. ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನುಡಿದುದನ್ನು ನಮ್ಮ ಮಾಸ್ತರರು ಬಲ್ಲವರಾಗಿದ್ದರು. ಆದರೂ ಶಾಲೆಯ ಕೊಡದ ಬಳಿ ಕೇರಿಯ ಹುಡುಗರಿಗೆ ನೀರನ್ನು ಮೇಲಿನಿಂದಲೇ ಹೊಯ್ಯುತ್ತಿದ್ದೆವು. ಏಕತೆಯ ಆ ಕರೆ ಇಬ್ಬರು ಹಿರಿಯರ ಸ್ನೇಹದ ಸುತ್ತಳತೆಯಷ್ಟೇ ಇತ್ತು. ಆ ಸುತ್ತಳತೆಯೊಳಗೆ ಅದು ಪ್ರಾಮಾಣಿಕವಾಗಿತ್ತು, ಫಲಕಾರಿಯಾಗಿತ್ತು. ಅವರಿಬ್ಬರೂ ಹೋದ ಮೇಲೆ ಕಟ್ಟಳೆಯೂ ಹೋಯಿತು. ಅದನ್ನು ಬರೆದಿಟ್ಟವರಿಲ್ಲ, ಮುಂದಿನವರಿಗೆ ಒಪ್ಪಿಸಿದವರಿಲ್ಲ.

ಇನ್ನು ಮುಚ್ಚಿದ ಭಾವಿಯ ವಿಷಯ. ಓಣಿಯ ಕೊನೆಯಲ್ಲಿ ಕೌದಿ ಹೊಲಿದು ಬದುಕುತ್ತಿದ್ದ ಒಬ್ಬ ಮುದುಕಿ ಇದ್ದಳು. 1948ರ ಆ ವಾರಗಳಲ್ಲಿ ಗಂಡನನ್ನೂ ಮಗಳನ್ನೂ ಕಳೆದುಕೊಂಡವಳೆಂದು ನನಗೆ ತಿಳಿದುದು ಅವಳು ತೀರಿದ ಬಳಿಕ. ಶಾಂತಿಯಿಂದಿರಿ ಎಂದು ಅಯ್ಯನವರು ಹೇಳಿದಾಗ, ಹಳೆಯದನ್ನು ಎತ್ತಬೇಡಿರಿ ಎಂದು ಕಾಕಾ ಹೇಳಿದಾಗ, ಆ ಎರಡೂ ಮಾತುಗಳು ಅವಳಿಗೆ ಬಾಯಿ ಮುಚ್ಚಿಕೋ ಎಂದೇ ಕೇಳಿಸಿರಬೇಕು. ಸೊಲ್ಲಾಪುರಕ್ಕೆ ಓಡಿದ ನಮ್ಮ ಮನೆಯವರು ತಮ್ಮ ಕಷ್ಟವನ್ನು ಪ್ರತಿ ಹಬ್ಬದಲ್ಲಿಯೂ ಹೇಳಿಕೊಳ್ಳಬಹುದಾಗಿತ್ತು. ಅವಳಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಒಬ್ಬರ ದುಃಖವನ್ನು ಆಡಗೊಟ್ಟು ಇನ್ನೊಬ್ಬರ ದುಃಖವನ್ನು ಹೂತಿಟ್ಟು ನಡೆಸಿದ ಶಾಂತಿ ಅದಾಗಿತ್ತೆಂದು ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಹೇಳಲೇಬೇಕು.

ಹಾಗೆಂದು ಆ ಕಟ್ಟಳೆಯ ಬೆಲೆ ಕಡಿಮೆಯಾಯಿತೆಂದು ನಾನು ಒಪ್ಪಲಾರೆ. 2018ರ ಜುಲೈ ತಿಂಗಳಿನಲ್ಲಿ, ನಮ್ಮ ನೆರೆಯ ಬೀದರ ಜಿಲ್ಲೆಯ ಮುರ್ಕಿಯೆಂಬ ಹಳ್ಳಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ತಪ್ಪಿಗೆ ಹೈದರಾಬಾದಿನ ಒಬ್ಬ ತರುಣ ಎಂಜಿನಿಯರನನ್ನು ಮಕ್ಕಳ ಕಳ್ಳನೆಂದು ಬಗೆದು ಜನ ಹೊಡೆದು ಕೊಂದರು. ವಾಟ್ಸಾಪಿನಲ್ಲಿ ಹಬ್ಬಿದ ಸುದ್ದಿ ಅವನಿದ್ದ ಕಾರಿಗಿಂತ ಮುಂಚೆ ರಸ್ತೆಯ ಮುಂದಿನ ಹಳ್ಳಿಯನ್ನು ತಲುಪಿತ್ತು. ತಡೆಯಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದಿತು. ಅಂದು ಆ ಹಳ್ಳಿಯ ಯಾವ ಅಂಗಳದಲ್ಲಾದರೂ ಒಬ್ಬರು ಎದ್ದು ನಿಂತು, ಕೊಟ್ಟವನನ್ನು ಕರೆದುಕೊಂಡು ಬಾ ಎಂದಿದ್ದರೆ ಎಂಬ ಯೋಚನೆ ನನಗೆ ಆ ವಾರವೆಲ್ಲ ನಿದ್ರೆಗೊಡಲಿಲ್ಲ. ಕೈಯೊಳಗಿನ ಯಂತ್ರದಲ್ಲಿ ಕೊಟ್ಟವನಿಗೆ ಮುಖವೇ ಇರುವುದಿಲ್ಲವಾದುದರಿಂದ ಹಿಂದಕ್ಕೆ ನಡೆಯುವ ದಾರಿ ಕಷ್ಟದ್ದೆಂಬುದು ನಿಜ. ಕಷ್ಟದ್ದಾದ ಕಾರಣಕ್ಕೆ ಧರ್ಮಗುರುಗಳು ಅದನ್ನು ಪೊಲೀಸರಿಗೆ ಬಿಟ್ಟು ಸುಮ್ಮನಿರಬಹುದೆಂದು ನನಗೆ ತೋರುವುದಿಲ್ಲ.

ಮತಗಳು ಕೂಡಿ ಬಾಳುವ ವಿಷಯದಲ್ಲಿ ನಮ್ಮ ಸೀಮೆಗೆ ಸಿಕ್ಕ ಮೊತ್ತಮೊದಲ ಬರಹವೇ ಒಂದು ಕರೆಯಾಗಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದೊಳಗೆ, ಕಾಳಿಕಾದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದುದು ಎಂಬತ್ತರ ದಶಕದಲ್ಲಿ, ಗುಡಿಯ ಮಾಳಿಗೆ ಕುಸಿದ ಮೇಲೆ. ಅದರ ಒಂದು ಬದಿಯಲ್ಲಿ ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ಶಾಸನಗಳ ಭಾಗಗಳಿವೆ. ಇನ್ನೊಂದು ಬದಿಯಲ್ಲಿ ಕಳಿಂಗ ದೇಶದ ಧೌಲಿ, ಜೌಗಡಗಳಲ್ಲಿ ಕಾಣುವ ಪ್ರತ್ಯೇಕ ಶಾಸನಗಳಿವೆ. ಕಳಿಂಗದಲ್ಲಿ ಹನ್ನೆರಡನೆಯದಿಲ್ಲ; ಎರಡೂ ಕೂಡಿ ಬಂದಿರುವುದು ಸನ್ನತಿಯಲ್ಲಿ. ಒಂದು, ತನ್ನ ಮತವನ್ನು ಹೊಗಳುತ್ತ ಪರಮತವನ್ನು ಅಕಾರಣವಾಗಿ ಹಳಿಯದಂತೆ ನಾಲಗೆಯನ್ನು ಹಿಡಿದಿಡಿರಿ, ಒಬ್ಬರು ಇನ್ನೊಬ್ಬರ ಧರ್ಮವನ್ನು ಕೇಳಿ ತಿಳಿಯಿರಿ ಎಂದು ಪ್ರಜೆಗಳಿಗೆ ಹೇಳುತ್ತದೆ. ಇನ್ನೊಂದು, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕದಿರಿ, ಹಿಂಸಿಸದಿರಿ, ಕೋಪ ಆತುರ ಆಲಸ್ಯಗಳಿಂದ ನ್ಯಾಯ ಮಾಡದಿರಿ ಎಂದು ಅಧಿಕಾರಿಗಳಿಗೆ ಆಜ್ಞಾಪಿಸುತ್ತದೆ. ಪ್ರಜೆ ನಾಲಗೆಯನ್ನು ಕಾಯಬೇಕು, ದೊರೆಯ ಆಳು ನ್ಯಾಯವನ್ನು ಕಾಯಬೇಕು. ನಮ್ಮ ಕಾಲದ ಕರಪತ್ರಗಳು ಕಲ್ಲಿನ ಮೊದಲ ಬದಿಯನ್ನಷ್ಟೇ ಓದುತ್ತವೆ. ಮುಚ್ಚಿದ ಭಾವಿಯ ಮುಂದೆ ಇನ್ನೊಂದು ಬದಿಯನ್ನೂ ಓದಬೇಕಾಗಿತ್ತು.

ಕಾಕಾನನ್ನು ನಾನು ಕಡೆಯ ಬಾರಿ ಕಂಡುದು ಎಂಬತ್ತರ ದಶಕದಲ್ಲಿಯೇ, ನಾನು ಮಾಸ್ತರನಾಗಿ ಬೇರೆ ಊರಿನಲ್ಲಿದ್ದು ರಜೆಗೆ ಬಂದಾಗ. ಕಣ್ಣು ಮಂಜಾಗಿದ್ದವು, ಹಲ್ಲು ಹೋಗಿದ್ದವು, ಎಲೆಯಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದ. ಪಂಚಾಯತಿಯ ಗೋಡೆಗೆ ಅಂಟಿಸಿದ್ದ ಆ ರಸೀದಿಯ ಮಾತನ್ನು ನಾನು ತೆಗೆದೆ. ಅಂದು ಅಯ್ಯನವರು ತಮ್ಮ ದೇಶಭಕ್ತಿಗೆ ಯಾವ ರಸೀದಿಯನ್ನೂ ತೋರಿಸಬೇಕಾಗಿರಲಿಲ್ಲವೆಂಬುದು ಅಷ್ಟು ಹೊತ್ತಿಗೆ ನನ್ನನ್ನು ಚುಚ್ಚತೊಡಗಿತ್ತು. ಹಣ ಕೊಟ್ಟದ್ದು ಸರಿ, ರಸೀದಿಯನ್ನು ಗೋಡೆಗೇಕೆ ಅಂಟಿಸಿದಿರಿ ಕಾಕಾ ಎಂದು ಕೇಳಿದೆ.

ಕುಟ್ಟುವುದನ್ನು ನಿಲ್ಲಿಸಿ ಅವನು ನನ್ನ ಕಡೆಗೆ ತಿರುಗಿದ. ‘ದೇಶಕ್ಕಂತ ಕೊಟ್ಟಿದ್ದು ಖರೆ. ಅಂಜಿ ಅಂಟಿಸಿದ್ದೂ ಖರೆ. ನೀ ಬರಿಯೋ ಮನಷ್ಯಾ, ಬರೆದ್ರ ಎರಡೂ ಬರಿ’ ಎಂದ. ಆಮೇಲೆ ತನ್ನ ಮೊಮ್ಮಗಳು ಏಳನೆಯತ್ತೆ ಪಾಸಾಗಿರುವಳೆಂದೂ, ಚಿಂಚೋಳಿಯ ಹೈಸ್ಕೂಲಿಗೆ ಹಾಕಬೇಕೆಂದಿರುವೆನೆಂದೂ, ಕನ್ನಡ ಮಾಧ್ಯಮವೋ ಉರ್ದುವೋ ಯಾವುದು ಮೇಲೆಂದೂ ವಿಚಾರಿಸತೊಡಗಿದ.